ಮಗಳನ್ನು ಮಿಷನ್ ಸೇವೆಗೆ ಕಳಿಸುವ ಅಪ್ಪ-ಅಮ್ಮಂದಿರಿಗೆ

ಲ್ಯಾಟರ್-ಡೇ ಸೇಂಟ್ಸ್ (ಮಾರ್ಮನ್) ಕ್ರೈಸ್ತ ಸಭೆಯಲ್ಲಿ ಹೆಣ್ಣುಮಕ್ಕಳ ಮಿಷನ್ ಸೇವೆ, ಅಂದರೆ ಮನೆ ಬಿಟ್ಟು ಹೋಗಿ ಧರ್ಮಪ್ರಚಾರ ಮಾಡುವ ಸೇವೆ, ಸಾಮಾನ್ಯವಾಗಿ 18 ತಿಂಗಳು. ಕೇಳುವಾಗ ಕಡಿಮೆ ಅನ್ನಿಸುತ್ತದೆ. ಮನೆಯಲ್ಲಿ ಅವಳ ಮಂಚ ಖಾಲಿಯಾದ ಮೇಲೆ ಗೊತ್ತಾಗುತ್ತದೆ.

ಮೊದಲು ಶೂ ನೋಡಿ. ಅಲ್ಲಿ ನಡಿಗೆ ಜಾಸ್ತಿ. ಹೊಸ ಶೂವನ್ನು ಡಬ್ಬಿಯಲ್ಲೇ ಕಳಿಸಬೇಡಿ, ತಿಂಗಳ ಮೊದಲೇ ಹಾಕಿಕೊಂಡು ಓಡಾಡಲಿ. ನನ್ನ ಮಗಳಿಗೆ ಎರಡನೇ ದಿನವೇ ಶೂ ಕಚ್ಚಿ ಹಿಮ್ಮಡಿಯಲ್ಲಿ ಗುಳ್ಳೆ ಎದ್ದಿತ್ತು. ಕನ್ನಡಕ ಇದ್ದರೆ ಇನ್ನೊಂದು ಮಾಡಿಸಿ. ಪಾಸ್‌ಪೋರ್ಟ್, ಲಸಿಕೆ ಕಾಗದಗಳ ನಕಲು ನಿಮ್ಮ ಹತ್ತಿರವೂ ಇರಲಿ.

ಸೇವೆಯಲ್ಲಿ ಜೊತೆಗಾತಿ, ಅಂದರೆ ಜೋಡಿಯಾಗಿ ಸೇವೆ ಮಾಡುವ ಇನ್ನೊಬ್ಬ ಹುಡುಗಿ, ಸದಾ ಜೊತೆಗೇ ಇರುತ್ತಾಳೆ. ಒಬ್ಬಳೇ ಇದ್ದು ಅಭ್ಯಾಸವಾದ ಮಗಳಿಗೆ ಇದು ಕಷ್ಟ. ಬೇಸರವಾದರೆ ಒಳಗೇ ಇಟ್ಟುಕೊಳ್ಳದೆ ಮೆತ್ತಗೆ ಬಾಯಿಬಿಟ್ಟು ಹೇಳುವುದನ್ನು ಮನೆಯಲ್ಲೇ ರೂಢಿ ಮಾಡಿಸಿ. ಬಟ್ಟೆ ಒಗೆಯುವುದು, ಅಡುಗೆ ಎಲ್ಲ ಹೇಗೋ ಕಲಿಯುತ್ತಾರೆ ಬಿಡಿ.

ಇನ್ನು ಫೋನು. ಮೊದಲೆಲ್ಲ ವರ್ಷಕ್ಕೆ ಎರಡು ಸಲ ಮಾತ್ರ ಮನೆಗೆ ಮಾತಾಡಬಹುದಿತ್ತು. 2019ರ ಫೆಬ್ರವರಿಯಿಂದ ವಾರಕ್ಕೊಮ್ಮೆ, ಅವರ ತಯಾರಿ ದಿನದಂದು (ಬಟ್ಟೆ ಒಗೆಯುವಂಥ ಸ್ವಂತ ಕೆಲಸಗಳಿಗೆ ವಾರದಲ್ಲಿ ಬಿಟ್ಟ ದಿನ) ಮಾತಾಡಬಹುದು. ಎಷ್ಟು ದೊಡ್ಡ ಆಸರೆ ಅಲ್ವಾ! ಮೊದಲ ಕರೆಯಲ್ಲಿ ನನ್ನ ಮಗಳು ಬಿಕ್ಕಿ ಬಿಕ್ಕಿ ಅತ್ತಳು. 'ವಾಪಸ್ ಬಂದುಬಿಡು' ಅನ್ನುವ ಮಾತು ನನ್ನ ನಾಲಿಗೆ ತುದಿಗೆ ಬಂದಿತ್ತು. ತಡೆದುಕೊಂಡು, ಸ್ವಲ್ಪ ಹೊತ್ತು ಸುಮ್ನೆ ಅಳಲು ಬಿಟ್ಟೆ. ಆಮೇಲೆ, 'ಬೆಳಗ್ಗೆ ಏನು ತಿಂದೆ ಮಗಳೇ?' ಅಂತ ಕೇಳಿದೆ. ಮೂಗು ಒರೆಸಿಕೊಂಡು ಹೇಳಲು ಶುರು ಮಾಡಿದಳು. ಮೊದಲ ವಾರಗಳಲ್ಲಿ ಇಂಥ ಚಿಕ್ಕ ಪ್ರಶ್ನೆಗಳನ್ನೇ ಕೇಳಿ.