ಬಿಸಿ ಮಾಡುವ ಮೊದಲೇ ಬಿಚ್ಚಿಕೊಂಡಿದ್ದ ಡಿಎನ್‌ಎ

ಜೋಡಿ ಎಳೆಯ ಚಿಕ್ಕ ಡಿಎನ್‌ಎ ತುಣುಕು. ಬಿಸಿ ಮಾಡುವ ಮೊದಲೇ 260 ನ್ಯಾನೋಮೀಟರ್‌ನ ಅತಿನೇರಳೆ ಬೆಳಕನ್ನು ಎಷ್ಟು ಹೀರುತ್ತದೆ ಎಂಬ ರೀಡಿಂಗ್ ಜಾಸ್ತಿ ಬರುತ್ತಿತ್ತು. ಬಿಡಿ ಎಳೆಗಳು ಈ ಬೆಳಕನ್ನು ಹೆಚ್ಚು ಹೀರುತ್ತವೆ. ಅಂದರೆ ಎಳೆಗಳು ಆಗಲೇ ಬೇರೆಯಾಗಿದ್ದವು. ನೋಡಿದರೆ, ಸ್ಯಾಂಪಲ್ ಇದ್ದದ್ದು ಬರೀ ಡಿಸ್ಟಿಲ್ಡ್ ನೀರಲ್ಲಿ. ಉಪ್ಪೇ ಇಲ್ಲ! ಎರಡೂ ಎಳೆಗಳ ಫಾಸ್ಫೇಟ್‌ಗಳಿಗೆ ನೆಗೆಟಿವ್ ಚಾರ್ಜ್. ಸುತ್ತ ಸೋಡಿಯಂ ಅಯಾನುಗಳಿಲ್ಲದಿದ್ದರೆ ಒಂದನ್ನೊಂದು ತಳ್ಳುತ್ತವೆ, ಅಲ್ವಾ?

100 ಮಿಲಿಮೋಲಾರ್ ಸೋಡಿಯಂ ಕ್ಲೋರೈಡ್, 10 ಮಿಲಿಮೋಲಾರ್ ಟ್ರಿಸ್ (ಪಿಎಚ್ ಬದಲಾಗದಂತೆ ಹಿಡಿದಿಡುವ ಬಫರ್) ಇರುವಂತೆ ಮಾಡಿ ಪಿಎಚ್ 8ಕ್ಕೆ ತಂದೆ. 95 ಡಿಗ್ರಿಗೆ ಬಿಸಿ ಮಾಡಿ ನಿಧಾನವಾಗಿ ಆರಲು ಬಿಟ್ಟೆ. ಥಟ್ಟನೆ ಐಸ್‌ನಲ್ಲಿಟ್ಟರೆ ಎಳೆಗಳಿಗೆ ಸರಿಯಾದ ಜೋಡಿ ಸಿಗುವುದು ಕಷ್ಟ. ರೀಡಿಂಗ್ ಇಳಿಯಿತು, ಬಿಸಿ ಏರಿದಂತೆ ಎಳೆಗಳು ಬಿಚ್ಚಿಕೊಳ್ಳುವುದನ್ನು ತೋರಿಸುವ ಮೆಲ್ಟಿಂಗ್ ಕರ್ವ್ ಚೆನ್ನಾಗಿ ಬಂತು.

ಟ್ರಿಸ್ ಸುಮ್ನೆ ಹಾಕಿದ್ದಲ್ಲ. ಆಮ್ಲ ತೀರಾ ಜಾಸ್ತಿಯಾದರೆ ಎರಡು ಎಳೆಗಳನ್ನು ಜೋಡಿಸುವ ಬೇಸ್‌ಗಳಿಗೆ ಪ್ರೋಟಾನ್ ಅಂಟಿ, ಅವುಗಳ ನಡುವಿನ ಹೈಡ್ರೋಜನ್ ಬಂಧ ಕೆಡುತ್ತದೆ. ಬಿಸಿಯೂ ಸೇರಿದರೆ ಪ್ಯೂರಿನ್‌ಗಳೇ (ಎ, ಜಿ ಬೇಸ್‌ಗಳು) ಕಳಚಿ ಬೀಳುತ್ತವೆ. ಪಿಎಚ್ 12 ದಾಟಿದರೂ ಎಳೆಗಳು ಬಿಚ್ಚಿಕೊಳ್ಳುತ್ತವೆ.