ಫಾಲ್ಟಿನ ಬುಡ ಬಿಟ್ಟು ಹಳೇ ಕಣಿವೆ ಹಿಡಿದೆ

ಮರುಭೂಮಿಯಲ್ಲಿ ಮರಳು ಹುಡುಕೋಕೂ ಸಂಬಳ ಕೊಡ್ತಾರಾ ಅಂತ ಅಮ್ಮ ನಗುತ್ತಿದ್ದಳು. ನಾನು ಹುಡುಕುತ್ತಿದ್ದದ್ದು ರಾಜಸ್ಥಾನದ ಬಾರ್ಮೇರ್‌ನಲ್ಲಿ, ರಂಧ್ರಗಳಲ್ಲಿ ಎಣ್ಣೆ ಹಿಡಿದಿಡುವ ನೆಲದಡಿಯ ಮರಳುಗಲ್ಲು. ಸುಮಾರು 6 ಕೋಟಿ ವರ್ಷದ ಹಿಂದೆ ಅಲ್ಲಿ ನೆಲ ಸೀಳಿ ಸರೋವರ ನಿಂತಿತ್ತು. 2004ರಲ್ಲಿ ಮಂಗಲಾದಲ್ಲಿ ಎಣ್ಣೆ ಸಿಕ್ಕ ಮೇಲೆ ಎಲ್ಲರ ಕಣ್ಣು ಫತೇಗಢ ಮರಳುಗಲ್ಲಿನ ಮೇಲೆ. ನನ್ನ ಪಾಲಿಗೆ ಬಂದದ್ದು ಅದರ ಮೇಲಿನ ಬಾರ್ಮೇರ್ ಹಿಲ್ ಪದರ. ಬಹುಪಾಲು ಸರೋವರದ ಕೆಸರು, ಅಲ್ಲಲ್ಲಿ ಮರಳು.

ಎಲ್ಲಿ ಕೊರೆಯೋದು ಅಂದಾಗ ತಂಡದವರು ದೊಡ್ಡ ಫಾಲ್ಟಿನ, ಅಂದರೆ ನೆಲ ಬಿರಿದು ಒಂದು ಕಡೆ ಜಾರಿದ ಸೀಳಿನ, ಬುಡಕ್ಕೇ ಬೆರಳಿಟ್ಟರು. ನಾನು ಬೇಡ ಅಂದೆ. ಫಾಲ್ಟಿನ ಆಚೆಯ ನೆಲ ಮೇಲೆದ್ದಾಗ ಹಿಂದಕ್ಕೆ ವಾಲುತ್ತದೆ, ಹೊಳೆಗಳೂ ಆ ಕಡೆಗೇ ತಿರುಗುತ್ತವೆ. ಬುಡಕ್ಕೆ ಉದುರೋದು ಕಲ್ಲುಗುಂಡು. ಒಳ್ಳೆ ಮರಳಿಗೆ ಎರಡು ಫಾಲ್ಟುಗಳ ನಡುವಿನ ಸಂದು ಬೇಕು, ಇಲ್ಲಾ ಸೀಳಿಗಿಂತ ಮೊದಲೇ ಇದ್ದ ಕಣಿವೆ ಬೇಕು. ಟಾಂಗನಿಕಾ ಸರೋವರ ಸೇರುವ ಮಲಗರಾಸಿ ನದಿ ಆ ಸರೋವರಕ್ಕಿಂತ ಹಳೆಯದು ಅಲ್ವಾ? "ಆಫ್ರಿಕಾ ಕಥೆ ಬೇಡ" ಅಂದರು ಸಾಹೇಬರು.

ಹಳೇ ಕಣಿವೆ ಹುಡುಕೋಕೆ ಶೇಲ್ ಅನ್ನೋ ಕೆಸರುಗಲ್ಲಿನ ಪದರವನ್ನು ನಕ್ಷೆಯಲ್ಲಿ ಸಪಾಟು ಅಂತ ಇಟ್ಟುಕೊಂಡು ಅದರ ಕೆಳಗಿನ ದಪ್ಪ ಅಳೆಯುತ್ತೇವೆ, ದಪ್ಪ ಜಾಸ್ತಿ ಇದ್ದಲ್ಲಿ ಕಣಿವೆ ಇತ್ತು ಅಂತ ಲೆಕ್ಕ. ನನ್ನ ಮೊದಲ ನಕ್ಷೆಯಲ್ಲಿ ಭರ್ಜರಿ ಕಣಿವೆ ಬಂತು. ಕೊರೆದರು. ಹತ್ತಿರ ಹತ್ತಿರ 200 ಮೀಟರ್ ಬರೀ ಕೆಸರುಗಲ್ಲು! ಫಾಲ್ಟಿನ ಪಕ್ಕದ ನೆಲ ಕುಸಿಯುತ್ತಾ ತುಂಬಿಕೊಂಡ ದಪ್ಪವನ್ನು ಕಣಿವೆ ಅಂದುಕೊಂಡಿದ್ದೆ. ಕೋಟಿಗಟ್ಟಲೆ ದುಡ್ಡು ಹೋಯಿತು. ಆರು ತಿಂಗಳು ಮೀಟಿಂಗಿನಲ್ಲಿ ನನಗೆ ಚಹಾ ಸಿಗುತ್ತಿತ್ತು, ಮಾತಾಡೋ ಸರದಿ ಸಿಗುತ್ತಿರಲಿಲ್ಲ.

ಆಗ ಮರಳು ಯಾವ ಕಲ್ಲಿಂದ ಬಂತು ಅಂತ ಕಲ್ಲಿನ ಹಿಂದೆ ಬಿದ್ದೆ. ಕೈಯಿಂದ 40 ಸಾವಿರ ಜೀಪ್ ಬಾಡಿಗೆ ಕೊಟ್ಟು ಬಾರ್ಮೇರ್ ಸೀಮೆಯ ಸರ್ಣೂ ಗುಡ್ಡ ಸುತ್ತಿದೆ. ಮೊದಲ ಕಂತಿನ 30 ಥಿನ್ ಸೆಕ್ಷನ್ (ಸೂಕ್ಷ್ಮದರ್ಶಕದಡಿ ನೋಡೋಕೆ ತೆಳ್ಳಗೆ ಉಜ್ಜಿದ ಕಲ್ಲಿನ ಹಾಳೆ) ಹಾಳು. ಕಲ್ಲಿನ ಬಿರುಕಿಗೆ ಗಾಳಿ ತುಂಬಿದ್ದ ಇವತ್ತಿನ ಮರಳನ್ನೂ ಎಣಿಸಿಬಿಟ್ಟಿದ್ದೆ. ಎರಡನೇ ಸಲ ಕಲ್ಲು ತೊಳೆದು, ಒಡೆದು, ಒಳಗಿನ ಚೂರು ತೆಗೆದೆ. ಮಾಲಾನಿ ರಯೋಲೈಟ್ ಅನ್ನೋ ಜ್ವಾಲಾಮುಖಿ ಕಲ್ಲಿಂದ ಬಂದ ಕಾಳು ಮೂಲೆ ಚೂಪು, ಗುಲಾಬಿ ಬಣ್ಣ. ಅದರ ಜೊತೆಗಿನ ಫೆಲ್ಡ್‌ಸ್ಪಾರ್ ಖನಿಜ ಕೊಳೆತು ಜೇಡಿಯಾಗಿ ರಂಧ್ರ ಮುಚ್ಚುತ್ತದೆ. ಹಳೇ ಮರಳುಗಲ್ಲು ಸವೆದು ಬಂದ ಕಾಳು ಬೇರೆ. ಮಸೂರದಡಿ ದುಂಡಗೆ, ಥೇಟ್ ಸಾಬಕ್ಕಿ. ಈ ಸೆಕೆಂಡ್ ಹ್ಯಾಂಡ್ ಮರಳೇ ನಮಗೆ ಬೇಕಾದದ್ದು. ಹಳೇ ಬಾವಿಗಳ ಚೂರುಗಳಲ್ಲಿ ಸಾಬಕ್ಕಿ ಯಾವ ದಿಕ್ಕಿಗೆ ಜಾಸ್ತಿಯಾಗುತ್ತದೆ ಅಂತ ಎಣಿಸುತ್ತಾ ಹೋದೆ.

ಮಧ್ಯೆ ಕ್ವಾರ್ಟರ್ಸ್ ಹಿತ್ತಲಲ್ಲಿ ಒಂದು ಹುಚ್ಚಾಟ. ಟಬ್ಬಿನಲ್ಲಿ ಜೋಳದ ಹಿಟ್ಟು ಹರಡಿ, ಕಣಿವೆ ಕೆತ್ತಿ, ಹಲಗೆ ಎಳೆದು ಸೀಳು ಮಾಡಿ ನೀರು ಬಿಟ್ಟೆ. ರೊಟ್ಟಿ ಹಿಟ್ಟಾಯಿತು. ಹೆಂಡತಿಯ ರಂಗೋಲಿ ಪುಡಿ ಕದ್ದು ಮಾಡಿದಾಗ ಸರಿಹೋಯಿತು. ನೆಲ ಎಷ್ಟೇ ವಾಲಿಸಿದರೂ ಆಳದ ಹಳೇ ಗೀರು ಬಿಟ್ಟು ನೀರು ಕದಲಲಿಲ್ಲ. ತೆಳು ಗೀರಾದರೆ ಹಿಂದಕ್ಕೆ ತಿರುಗುತ್ತಿತ್ತು.

ಎರಡನೇ ನಕ್ಷೆಯಲ್ಲಿ ಫಾಲ್ಟಿನ ದಪ್ಪ ಕಳೆದೆ. ಹೇಗೆ ಅಂತ ಕೇಳಬೇಡಿ, ಅದು ನನ್ನ ಹೊಟ್ಟೆಪಾಡು. ಕಣಿವೆ, ಸಂದು, ಸಾಬಕ್ಕಿ ಮೂರೂ ಒಂದೇ ಕಡೆ ಕೂಡಿದವು. ಅಲ್ಲಿ ಕೊರೆದಾಗ 18-20 ಮೀಟರ್ ಮರಳುಗಲ್ಲು, ರಂಧ್ರ ನೂರಕ್ಕೆ 20ರ ಆಸುಪಾಸು. ಫಾಲ್ಟಿನ ಬುಡದಲ್ಲಿ ಕೊರೆದವರಿಗೆ ಸಿಕ್ಕಿದ್ದು ಗುಂಡುಕಲ್ಲು.

ಪೂರ್ವದ ಅಂಚಿನಲ್ಲಿ ಇನ್ನೊಂದು ಕಣಿವೆ ಗುರುತಿಸಿದ್ದೇನೆ. ಈಗ ಸಾಹೇಬರಿಗೇ ಆತುರ. ಆದರೆ ಅಲ್ಲಿ ಗುಲಾಬಿ ಚೂರೇ ಜಾಸ್ತಿ. ಸದ್ಯಕ್ಕೆ ಬೇಡ ಅಂದಿದ್ದೇನೆ.