ಪುಟ್ಟ ರೈಲಿನ ಸಾಮಾನು: ಮಾಡುವುದು ಬೇರೆ ಬೇರೆ, ಮಾರುವುದು ಒಟ್ಟಿಗೆ

ಸುರತ್ಕಲ್‌ನಲ್ಲಿ ಒಬ್ಬರು ತ್ರೀಡಿ ಪ್ರಿಂಟರ್‌ನಲ್ಲಿ ವ್ಯಾಗನ್ ಮಾಡುತ್ತಾರೆ, ಮಣಿಪಾಲದಲ್ಲಿ ಇನ್ನೊಬ್ಬರು ಬೋಗಿಗೆ ಅಂಟಿಸುವ ಡೆಕಾಲ್ ಪ್ರಿಂಟ್ ಮಾಡುತ್ತಾರೆ, ಬೈಕಂಪಾಡಿಯಲ್ಲಿ ಮತ್ತೊಬ್ಬರು ಲೇಸರ್‌ನಲ್ಲಿ ಪ್ಲೈವುಡ್ ಕತ್ತರಿಸಿ ಸ್ಟೇಷನ್ ಕಿಟ್ ಮಾಡುತ್ತಾರೆ ಅಂತ ಇಟ್ಟುಕೊಳ್ಳಿ. ಮೂವರೂ ಬೇರೆ ಬೇರೆ ಜಾಹೀರಾತು ಹಾಕುತ್ತಾರೆ. ನೋಡುವವರು ಮಾತ್ರ ಅದೇ ನಾಲ್ಕು ಜನ! ಭಾರತೀಯ ರೈಲಿನ ಮಾದರಿ ಕೊಳ್ಳುವವರು ಕಡಿಮೆ, ಆದರೆ ಒಮ್ಮೆ ಹುಚ್ಚು ಹಿಡಿದರೆ ಬಿಡುವವರಲ್ಲ. ವ್ಯಾಗನ್ ಕೊಂಡವರಿಗೆ ಡೆಕಾಲ್ ಬೇಕು, ಆಮೇಲೆ ನಿಲ್ಲಿಸಲಿಕ್ಕೆ ಸ್ಟೇಷನ್ ಬೇಕು. ಪಕ್ಕದವರ ಗಿರಾಕಿ ನಿಮ್ಮ ಗಿರಾಕಿಯೇ, ಅಲ್ವಾ?

ಜಾಹೀರಾತಿಗಿಂತ ಮೊದಲು ಅಳತೆ ಒಪ್ಪಿಕೊಳ್ಳಿ. ಎಚ್‌ಒ ಸ್ಕೇಲ್ ಅಂದರೆ 1:87, ನಿಜವಾದ ರೈಲಿನ 87ರಲ್ಲಿ ಒಂದು ಪಾಲು, ಅದರ ಹಳಿಯ ಅಗಲ 16.5 ಮಿ.ಮೀ. ನಮ್ಮ ನಿಜವಾದ ಬ್ರಾಡ್ ಗೇಜ್ ಹಳಿಯ ಅಗಲ 1676 ಮಿ.ಮೀ., ಅದನ್ನು 87ರಿಂದ ಭಾಗಿಸಿದರೆ 19 ದಾಟುತ್ತದೆ. ರೆಡಿ ಹಳಿ, ರೆಡಿ ಚಕ್ರ ಸಿಗುವುದು 16.5ಕ್ಕೆ, ಹಾಗಾಗಿ ಹೆಚ್ಚಿನವರು ಅದನ್ನೇ ಹಿಡಿಯುತ್ತಾರೆ. ನನಗೂ ಅದೇ ಸರಿ ಅನಿಸುತ್ತದೆ. ಯಾವುದಾದರೂ ಆಗಲಿ, ಗುಂಪಿಗೆ ಒಂದೇ ಇರಲಿ, ಬಾಕ್ಸ್ ಮೇಲೆ ಬರೆಯಿರಿ. ಕಪ್ಲರ್, ಅಂದರೆ ವ್ಯಾಗನ್‌ಗಳನ್ನು ಜೋಡಿಸುವ ಕೊಂಡಿಯ ಎತ್ತರವನ್ನೂ ಎಲ್ಲರೂ ಒಂದೇ ಅಳತೆಗೋಲಿನಲ್ಲಿ ಅಳೆಯಿರಿ. ಒಬ್ಬರ ವ್ಯಾಗನ್ ಇನ್ನೊಬ್ಬರದ್ದಕ್ಕೆ ಕೊಂಡಿ ಹಾಕದಿದ್ದರೆ ಬೈಗುಳ ಇಬ್ಬರಿಗೂ.

ನಂತರ ಮೂವರ ಕೈ ಸೇರುವ ಒಂದು ಕಿಟ್ ಮಾಡಿ. ನಮ್ಮ ಊರಿಗೆ ಲಾರಿಗಳನ್ನೇ ರೈಲಿಗೆ ಹತ್ತಿಸಿ ಸಾಗಿಸುವ ಕೊಂಕಣ ರೈಲ್ವೆಯ ರೋ-ರೋಗಿಂತ ಒಳ್ಳೆ ವಿಷಯ ಬೇಕಾ ಮಾರಾಯ್ರೆ? 1999ರಲ್ಲಿ ಶುರುವಾದ ಸೇವೆ ಅದು. ಸುರತ್ಕಲ್‌ನಲ್ಲಿ ಲಾರಿಗಳು ಸಾಲಾಗಿ ಚಪ್ಪಟೆ ವ್ಯಾಗನ್ ಹತ್ತಿ ಮಹಾರಾಷ್ಟ್ರದ ಕೊಲಾಡ್‌ವರೆಗೆ ಹೋಗುವುದನ್ನು ಇಲ್ಲಿನವರೆಲ್ಲ ನೋಡಿದ್ದಾರೆ. ವ್ಯಾಗನ್ ಒಬ್ಬರದ್ದು, ಲಾರಿಯ ನಂಬರು, ಹಿಂದಿನ 'ಹಾರ್ನ್ ಪ್ಲೀಸ್' ಮತ್ತೊಬ್ಬರ ಡೆಕಾಲ್, ಹಿಂದೆ ನಿಲ್ಲುವ ಕೆಂಪು ಮುರಕಲ್ಲಿನ ಗೋಡೆ ಮೂರನೆಯವರದ್ದು. ಒಳಗಿನ ಚೀಟಿಯಲ್ಲಿ ಯಾವ ಭಾಗ ಯಾರದ್ದು, ಕಾಣೆಯಾದರೆ ಯಾರಿಗೆ ಕರೆ ಮಾಡಬೇಕು ಅಂತ ಇರಲೇಬೇಕು. ಇಲ್ಲದಿದ್ದರೆ ಒಬ್ಬರು ಇನ್ನೊಬ್ಬರ ಮೇಲೆ ಹಾಕುತ್ತಾ ಕೂರುತ್ತೀರಿ.

ಫೋಟೋ ಒಂದೇ ಕಡೆ, ಒಂದೇ ಬೆಳಕಿನಲ್ಲಿ ತೆಗೆಯಿರಿ. ತ್ರೀಡಿ ಪ್ರಿಂಟಿನ ಗೆರೆ ಕಾಣುವ ಕಡೆಯನ್ನೂ ತೋರಿಸಿ.

ದುಡ್ಡಿನ ವಿಷಯದಲ್ಲಿ ನಾಚಿಕೆ ಬೇಡ. ಸಂಘ, ಅದರ ನೋಂದಣಿ ಅಂತ ಈಗಲೇ ಓಡಬೇಡಿ, ಒಂದು ಪುಟದ ಕಾಗದ ಸಾಕು. ಸ್ಟಾಲ್ ಬಾಡಿಗೆ, ಫೋಟೋ, ಬಾಕ್ಸ್ ಖರ್ಚನ್ನು ಸಮನಾಗಿ ಹಂಚಬೇಡಿ, ಯಾರದ್ದು ಎಷ್ಟು ಮಾರಿತೋ ಆ ಲೆಕ್ಕದಲ್ಲಿ ಹಂಚಿ. ಬೆಲೆ ಅವರವರೇ ಇಡಲಿ. ಬಿಲ್ ಯಾರ ಹೆಸರಲ್ಲಿ ಅನ್ನುವುದು ಮಾತ್ರ ಮೊದಲ ದಿನವೇ ತೀರ್ಮಾನವಾಗಬೇಕು. ಬೇರೆ ರಾಜ್ಯಕ್ಕೆ ಸಾಮಾನು ಮಾರಿದರೆ ವ್ಯಾಪಾರ ಎಷ್ಟೇ ಚಿಕ್ಕದಿದ್ದರೂ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಬೇಕು, ನಮಗೆ ತಲಪಾಡಿ ದಾಟಿ ಕಾಸರಗೋಡಿಗೆ ಒಂದು ಪಾರ್ಸೆಲ್ ಹೋದರೂ ಅದು ಬೇರೆ ರಾಜ್ಯವೇ. ನೋಂದಣಿ ಇರುವವರು ಉಳಿದವರಿಂದ ಕೊಂಡು ಬಿಲ್ ಮಾಡುವುದು ಒಂದು ದಾರಿ. ನಿಮ್ಮ ಸಿಎ ಹತ್ತಿರ ಒಮ್ಮೆ ಕೇಳಿ.

ಜಾತ್ರೆಯಲ್ಲಿ ಸ್ಟಾಲ್ ಹಾಕುವ ಆಸೆ ಎಲ್ಲರಿಗೂ ಬರುತ್ತದೆ. ಬೇಡ. ಅಲ್ಲಿ ಮಕ್ಕಳು ಆಟಿಕೆ ಅಂತ ಹಿಡಿದು ಎಳೆಯುತ್ತಾರೆ, ಅದೂ ಅಲ್ಲದೆ 14 ವರ್ಷದೊಳಗಿನವರ ಆಟಿಕೆಗೆ 2021ರಿಂದ ಐಎಸ್‌ಐ ಗುರುತು ಕಡ್ಡಾಯ. ಇದನ್ನು ದೊಡ್ಡವರ ಮಾದರಿ ಅಂತಲೇ ಮಾಡಿ, ಹಾಗೇ ಮಾರಿ. ಎಂಜಿನಿಯರಿಂಗ್ ಕಾಲೇಜಿನ ಫೆಸ್ಟ್ ಒಳ್ಳೆಯದು: ಒಂದು ಮೇಜು, ಅದರ ಮೇಲೆ ಓಡುವ ರೈಲು, ಎಲ್ಲರ ಸಾಮಾನೂ ಒಂದೇ ದೃಶ್ಯದಲ್ಲಿ. ಮಳೆಗಾಲದಲ್ಲಿ ಮೇಳಗಳ ಆಸೆ ಬಿಟ್ಟು ಸ್ಟಾಕ್ ಮಾಡಿ. ಪ್ಲೈವುಡ್ ತೇವ ಕುಡಿದು ಬಾಗುತ್ತದೆ, ಕಿಟ್ ಗಾಳಿಯಾಡದ ಕವರಿನಲ್ಲಿ ಸಿಲಿಕಾ ಜೆಲ್ ಜೊತೆ ಇರಲಿ.

ವಾಟ್ಸ್ಯಾಪ್‌ಗೆ ಉತ್ತರಿಸುವ ಕೆಲಸ ತಿಂಗಳಿಗೊಬ್ಬರಿಗೆ. ಇದು ಚಿಕ್ಕದು ಅನಿಸುತ್ತದೆ, ಗುಂಪು ಒಡೆಯುವುದು ಹೆಚ್ಚಾಗಿ ಇಲ್ಲೇ.

ನಾಳೆ ನಾಲ್ಕನೆಯವರು ಬಂದು ನಿಮ್ಮದೇ ಬಾಕ್ಸ್‌ಎನ್ ವ್ಯಾಗನ್ ಮಾಡಿದರೆ? ಬಾಗಿಲು ಹಾಕಬೇಡಿ. ಬಾಕ್ಸ್‌ಎನ್ ತೆರೆದ ವ್ಯಾಗನ್, ಮುಚ್ಚಿದ ಬಿಸಿಎನ್ ವ್ಯಾಗನ್ ನಮ್ಮ ಗುಂಪಿನಲ್ಲಿ ಇನ್ನೂ ಯಾರೂ ಮುಟ್ಟಿಲ್ಲ, ಅದನ್ನು ನೀವು ಮಾಡಿ ಅಂತ ಕೇಳಿ ನೋಡಿ. ಸಾಲು ಉದ್ದವಾದಷ್ಟು ಎಲ್ಲರದ್ದೂ ಜಾಸ್ತಿ ಹೋಗುತ್ತದೆ.